ಒಂದೇ ಕಾನೂನು, ಬೇರೆ ಬೇರೆ ಶಿಕ್ಷೆ: ಅಮೆರಿಕದಲ್ಲಿ ಸರ್ಕಾರಿ ವಕೀಲರನ್ನು ಜನರೇ ಆರಿಸಿದರೆ ಏನಾಗುತ್ತದೆ?

ಷಿಕಾಗೊದ ಅಂಗಡಿಯೊಂದರಲ್ಲಿ ಯಾರೋ 500 ಡಾಲರ್ ಬೆಲೆಯ ಚಳಿಗಾಲದ ಕೋಟು ಕದ್ದು ಸಿಕ್ಕಿಬಿದ್ದರು ಅಂತಿಟ್ಟುಕೊಳ್ಳಿ. 2016ರ ನವೆಂಬರ್‌ನಲ್ಲಾದರೆ ಅದು ಫೆಲನಿ, ಅಂದರೆ ವರ್ಷಗಟ್ಟಲೆ ಜೈಲಾಗಬಹುದಾದ ದೊಡ್ಡ ಅಪರಾಧ. 2018ರಲ್ಲಾದರೆ ಅದು ಸಣ್ಣ ಕಳವು. 2025ರಲ್ಲಾದರೆ ಮತ್ತೆ ಫೆಲನಿ. ಈ ಅವಧಿಯಲ್ಲಿ ಇಲಿನಾಯ್ ರಾಜ್ಯದ ಕಾನೂನು ಬದಲಾಗಲಿಲ್ಲ. ಅಂಗಡಿ ಕಳವು 300 ಡಾಲರ್ ದಾಟಿದರೆ ಫೆಲನಿ ಹಾಕಬಹುದು ಅಂತ ಅದು ಮೊದಲೂ ಹೇಳುತ್ತಿತ್ತು, ಈಗಲೂ ಹೇಳುತ್ತದೆ. ಬದಲಾದವರು ಷಿಕಾಗೊ ಇರುವ ಕುಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ) ಮುಖ್ಯ ಸರ್ಕಾರಿ ವಕೀಲರು.

2016ರಲ್ಲಿ ಗೆದ್ದು ಬಂದ ಕಿಮ್ ಫಾಕ್ಸ್, ಅದೇ ಡಿಸೆಂಬರ್‌ನಲ್ಲಿ ತಮ್ಮ ಕಚೇರಿಯ ಮಟ್ಟಿಗೆ ಆ ಗಡಿಯನ್ನು 1,000 ಡಾಲರ್‌ಗೆ ಏರಿಸಿದರು. 2024ರಲ್ಲಿ ಗೆದ್ದ ಐಲೀನ್ ಓ'ನೀಲ್ ಬರ್ಕ್ ಅಧಿಕಾರ ವಹಿಸಿಕೊಂಡ ಕೂಡಲೇ ಅದನ್ನು 300ಕ್ಕೆ ಇಳಿಸಿದರು. ಎರಡಕ್ಕೂ ಶಾಸನಸಭೆಯ ಮತ ಬೇಕಾಗಲಿಲ್ಲ, ನ್ಯಾಯಾಲಯದ ತೀರ್ಪು ಬೇಕಾಗಲಿಲ್ಲ. ಕಚೇರಿಯೊಳಗಿನ ಒಂದು ಸೂಚನೆ ಸಾಕಾಯಿತು. ಫೆಲನಿಯ ಕಲೆ ಒಮ್ಮೆ ಹತ್ತಿದರೆ ಬಾಡಿಗೆ ಮನೆ ಸಿಗುವುದು ಕಷ್ಟ, ಕೆಲಸ ಸಿಗುವುದು ಇನ್ನೂ ಕಷ್ಟ. ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲೆ ಇರುವವರಿಗಂತೂ ಕಳವಿನ ಪ್ರಕರಣದಲ್ಲಿ ಆಗುವ ಶಿಕ್ಷೆ ದೇಶ ಬಿಡಿಸುವ ಮಟ್ಟಕ್ಕೂ ಹೋಗಬಹುದು. ತಪ್ಪು ಒಪ್ಪಿಕೊಂಡರೆ ಗಡಿಪಾರಾಗುವ ಅಪಾಯವಿದೆ ಅಂತ ಕಕ್ಷಿದಾರನಿಗೆ ಮೊದಲೇ ತಿಳಿಸುವುದು ವಕೀಲರ ಕರ್ತವ್ಯ ಎಂದು 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು ಇದಕ್ಕೇ. ಅಲ್ಲಿರುವ ನಮ್ಮವರು ಎಷ್ಟೋ ಜನಕ್ಕೆ ಇನ್ನೂ ಮತದಾನದ ಹಕ್ಕಿಲ್ಲ. ಆದರೆ ಈ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಅನ್ನುವುದು ಅವರನ್ನೂ ತಟ್ಟುತ್ತದೆ.

ಈ ಹುದ್ದೆಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಹೆಸರು. ಡಿಸ್ಟ್ರಿಕ್ಟ್ ಅಟಾರ್ನಿ, ಸ್ಟೇಟ್ಸ್ ಅಟಾರ್ನಿ, ಕಾಮನ್‌ವೆಲ್ತ್ಸ್ ಅಟಾರ್ನಿ. ಜನ ಸಾಮಾನ್ಯವಾಗಿ ಡಿಎ ಅನ್ನುತ್ತಾರೆ. ದೇಶದಲ್ಲಿ ಇಂಥ ಕಚೇರಿಗಳು 2,300ರಷ್ಟಿವೆ. 50 ರಾಜ್ಯಗಳ ಪೈಕಿ 45ರಲ್ಲಿ ಇವರನ್ನು ಸ್ಥಳೀಯ ಮತದಾರರೇ ಆರಿಸುತ್ತಾರೆ. ಅಲಾಸ್ಕಾ, ಕನೆಕ್ಟಿಕಟ್, ನ್ಯೂಜೆರ್ಸಿಗಳಲ್ಲಿ ನೇಮಕ. ಡೆಲವೇರ್ ಮತ್ತು ರೋಡ್ ಐಲ್ಯಾಂಡ್ ಪುಟ್ಟ ರಾಜ್ಯಗಳಾದ್ದರಿಂದ ಅಲ್ಲಿ ರಾಜ್ಯದ ಅಟಾರ್ನಿ ಜನರಲ್ಲೇ ಈ ಕೆಲಸ ನೋಡಿಕೊಳ್ಳುತ್ತಾರೆ. ಊರಿನ ಸರ್ಕಾರಿ ವಕೀಲರನ್ನು ಹೀಗೆ ಮತಪೆಟ್ಟಿಗೆಯ ಮೂಲಕ ಆರಿಸುವ ಪದ್ಧತಿ ಅಮೆರಿಕದ ಆಚೆ ಕಾಣುವುದು ತೀರಾ ಅಪರೂಪ.

ನಮ್ಮಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ನೇಮಕ ಸರ್ಕಾರದ ಕೈಯಲ್ಲಿದೆ. ತನಿಖೆ ಮಾಡಿ ಚಾರ್ಜ್‌ಶೀಟ್ ಹಾಕುವವರು ಪೊಲೀಸರು. ಪಿಪಿಯ ಕೆಲಸ ಹೆಚ್ಚಾಗಿ ಅದರ ನಂತರ, ಕೋರ್ಟಿನಲ್ಲಿ ಶುರುವಾಗುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಪೊಲೀಸರು ಹಿಡಿದು ತಂದ ಮೇಲೆ ಮೊಕದ್ದಮೆ ಹಾಕಬೇಕೋ ಬೇಡವೋ, ಹಾಕಿದರೆ ಯಾವ ಕಲಮಿನ ಕೆಳಗೆ, ಎಷ್ಟು ಆರೋಪ, ಜಾಮೀನಿಗೆ ಎಷ್ಟು ಕೇಳಬೇಕು, ತಪ್ಪೊಪ್ಪಿಕೊಂಡರೆ ಶಿಕ್ಷೆ ಇಳಿಸುವ ರಾಜಿಗೆ ಏನು ಕೊಡಬೇಕು ಅನ್ನುವುದನ್ನೆಲ್ಲ ತೀರ್ಮಾನಿಸುವುದು ಡಿಎ ಕಚೇರಿ.

ಇದಕ್ಕೆ ಚುನಾವಣೆ ಯಾಕೆ ಬಂತು? ಮೊದಮೊದಲು ರಾಜ್ಯಪಾಲರೋ ನ್ಯಾಯಾಧೀಶರೋ ನೇಮಿಸುತ್ತಿದ್ದರು. ಬೇಕಾದವರಿಗೆ ಹುದ್ದೆ ಹಂಚುವ ಈ ಚಾಳಿಯಿಂದ ಜನ ಬೇಸತ್ತಿದ್ದರು. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಕಾಲದಲ್ಲಿ ಎಲ್ಲವನ್ನೂ ಜನರ ಕೈಗೆ ಕೊಡಬೇಕು ಎಂಬ ಗಾಳಿ ಬೀಸಿತು. 1832ರಲ್ಲಿ ಮಿಸಿಸಿಪಿ ಮೊದಲು ಈ ದಾರಿ ಹಿಡಿಯಿತು. ಒಂದೊಂದಾಗಿ ಉಳಿದ ರಾಜ್ಯಗಳೂ ಬಂದವು. ಉದ್ದೇಶ ಒಳ್ಳೆಯದೇ: ಸರ್ಕಾರಿ ವಕೀಲರು ಆಳುವವರಿಗಲ್ಲ, ಊರಿನವರಿಗೆ ಉತ್ತರ ಕೊಡಬೇಕು.

ಜ್ಯೂರಿ ಕೂರುವ ಮೊದಲೇ ಮುಗಿಯುವ ಕೇಸು

ಅಮೆರಿಕದ ಕೋರ್ಟು ಅಂದರೆ ನಮಗೆಲ್ಲ ನೆನಪಾಗುವುದು ಹನ್ನೆರಡು ಜನರ ಜ್ಯೂರಿ, ಬಿಸಿಬಿಸಿ ವಾದ, ಕೊನೆಯಲ್ಲಿ ತೀರ್ಪು. ನಿಜಕ್ಕೂ ಅಲ್ಲಿ ವಿಚಾರಣೆ ನಡೆಯುವುದೇ ಕಡಿಮೆ. 2012ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಲೆಕ್ಕ ನೋಡಿ: ರಾಜ್ಯ ಕೋರ್ಟುಗಳಲ್ಲಿ ಶಿಕ್ಷೆಯಾದ ಪ್ರಕರಣಗಳ ಪೈಕಿ ಶೇ 94, ಕೇಂದ್ರದ ಕೋರ್ಟುಗಳಲ್ಲಿ ಶೇ 97, ಆರೋಪಿ ತಪ್ಪೊಪ್ಪಿಕೊಂಡು ಮುಗಿದವು. ಅಂದರೆ ನಿಜವಾದ ತೀರ್ಮಾನ ಆಗುವುದು ನ್ಯಾಯಾಧೀಶರ ಮುಂದಲ್ಲ. ಸರ್ಕಾರಿ ವಕೀಲರು ಮತ್ತು ಆರೋಪಿಯ ವಕೀಲರು ಕಾರಿಡಾರಿನಲ್ಲಿ ನಿಂತು ಆಡುವ ಮಾತಿನಲ್ಲಿ.

ಆ ಮಾತುಕತೆಯಲ್ಲಿ ಯಾರ ಕೈ ಮೇಲು ಅನ್ನುವುದಕ್ಕೆ ಕೆಂಟಕಿ ರಾಜ್ಯದ ಒಂದು ಹಳೆಯ ಪ್ರಕರಣ ಸಾಕು. ಒಬ್ಬಾತ 88 ಡಾಲರ್ 30 ಸೆಂಟಿನ ಖೋಟಾ ಚೆಕ್ ಚಲಾಯಿಸಿದ್ದ. ಆ ತಪ್ಪಿಗೆ 2ರಿಂದ 10 ವರ್ಷ ಶಿಕ್ಷೆ ಇತ್ತು. ಒಪ್ಪಿಕೊಂಡರೆ 5 ವರ್ಷ ಕೇಳುತ್ತೇನೆ ಅಂದರು ಸರ್ಕಾರಿ ವಕೀಲರು. ಒಪ್ಪದೆ ವಿಚಾರಣೆ ಕೇಳಿದರೆ, ಹಿಂದಿನ ಎರಡು ಶಿಕ್ಷೆಗಳನ್ನು ಎತ್ತಿಕೊಂಡು ರೂಢಿಗತ ಅಪರಾಧಿ ಕಾನೂನಿನ ಕೆಳಗೆ ಹೊಸ ಆರೋಪ ಹಾಕುತ್ತೇನೆ ಅಂತಲೂ ಹೇಳಿದರು. ಆತ ಒಪ್ಪಲಿಲ್ಲ. ಅವರು ಹೇಳಿದಂತೆಯೇ ಮಾಡಿದರು. ಜೀವಾವಧಿ ಶಿಕ್ಷೆಯಾಯಿತು. 88 ಡಾಲರ್ ಚೆಕ್ಕಿಗೆ! 1978ರಲ್ಲಿ ಸುಪ್ರೀಂ ಕೋರ್ಟ್ 5-4 ಮತಗಳಿಂದ ಇದು ಸಂವಿಧಾನಕ್ಕೆ ವಿರುದ್ಧವಲ್ಲ ಅಂತ ತೀರ್ಪು ಕೊಟ್ಟಿತು. ಅದು ಇವತ್ತಿಗೂ ಚಾಲ್ತಿಯಲ್ಲಿದೆ. ಅದಕ್ಕೂ ಎರಡು ವರ್ಷ ಮೊದಲು ಅದೇ ಕೋರ್ಟು ಇನ್ನೊಂದು ಮಾತು ಹೇಳಿತ್ತು: ಮೊಕದ್ದಮೆ ನಡೆಸುವಾಗ ಮಾಡಿದ ಕೆಲಸಕ್ಕೆ ಸರ್ಕಾರಿ ವಕೀಲರ ಮೇಲೆ ಪರಿಹಾರದ ದಾವೆ ಹೂಡುವಂತಿಲ್ಲ, ತಪ್ಪು ಬೇಕೆಂದೇ ಮಾಡಿದ್ದರೂ ಕೂಡ.

ಜಾಮೀನು ಈ ಒತ್ತಡವನ್ನು ಇನ್ನಷ್ಟು ಬಿಗಿ ಮಾಡುತ್ತದೆ. 2010ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 16 ವರ್ಷದ ಹುಡುಗನೊಬ್ಬನನ್ನು ಬ್ಯಾಗ್ ಕದ್ದ ಆರೋಪದ ಮೇಲೆ ಹಿಡಿದರು. ಜಾಮೀನಿನ ಮೊತ್ತ 3,000 ಡಾಲರ್. ಮನೆಯವರಿಗೆ ಹೊಂದಿಸಲು ಆಗಲಿಲ್ಲ. ರೈಕರ್ಸ್ ಐಲ್ಯಾಂಡ್ ಜೈಲಿನಲ್ಲಿ ಮೂರು ವರ್ಷ ಕಳೆದ, ಅದರಲ್ಲಿ ಬಹುಪಾಲು ಒಂಟಿ ಕೋಣೆಯಲ್ಲಿ. ಒಪ್ಪಿಕೊಂಡರೆ ಬಿಟ್ಟುಬಿಡುತ್ತೇವೆ ಅಂತ ಮತ್ತೆ ಮತ್ತೆ ಹೇಳಿದರು. ನಾನು ಕದ್ದಿಲ್ಲ ಅಂತ ಹುಡುಗ ಪಟ್ಟು ಬಿಡಲಿಲ್ಲ. 2013ರಲ್ಲಿ ವಿಚಾರಣೆಯೇ ಇಲ್ಲದೆ ಕೇಸು ವಜಾ ಆಯಿತು. ಆ ಜೈಲು ಮನಸ್ಸಿಗೆ ಮಾಡಿದ ಗಾಯದಿಂದ ಅವನು ಚೇತರಿಸಿಕೊಳ್ಳಲೇ ಇಲ್ಲ. ಎರಡು ವರ್ಷದ ಮೇಲೆ ತೀರಿಹೋದ. ಇದು ಬರೀ ಅಲ್ಲಿನ ಕತೆ ಅನ್ನುವಂತಿಲ್ಲ. ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಆದರೆ ಅಲ್ಲಿ ಜಾಮೀನಿಗೆ ಇಷ್ಟು ಕೇಳಿ ಅಂತ ಕಚೇರಿಗೆ ನೀತಿ ಹಾಕಿಕೊಡುವ ವ್ಯಕ್ತಿಯನ್ನು ಜನ ಮತ ಹಾಕಿ ಕೂರಿಸುತ್ತಾರೆ. ವ್ಯತ್ಯಾಸ ಅಷ್ಟೇ, ಆದರೆ ಸಣ್ಣದಲ್ಲ.

ಒಂದೇ ಹೆಸರಿನ ಮತಪತ್ರ

ಇಷ್ಟು ಅಧಿಕಾರ ಇರುವ ಹುದ್ದೆಗೆ ಪೈಪೋಟಿ ಜೋರಾಗಿರಬೇಕು ಅಲ್ವಾ? ಇಲ್ಲ. ಕಾನೂನು ಪ್ರಾಧ್ಯಾಪಕ ರೊನಾಲ್ಡ್ ರೈಟ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಾಲಿ ಡಿಎ ಮತ್ತೆ ನಿಂತರೆ ಶೇ 95ರಷ್ಟು ಸಲ ಗೆಲ್ಲುತ್ತಾರೆ. ಶೇ 85ರಷ್ಟು ಸಲ ಅವರ ಎದುರು ಯಾರೂ ನಿಲ್ಲುವುದೇ ಇಲ್ಲ.

ಯಾಕೆ ಅಂತ ಊರಿನ ಕೋರ್ಟನ್ನು ಕಣ್ಣ ಮುಂದೆ ತಂದುಕೊಂಡರೆ ಗೊತ್ತಾಗುತ್ತದೆ. ಸಣ್ಣ ಕೌಂಟಿಯಲ್ಲಿ ವಕೀಲರು ಇರುವುದೇ ಬೆರಳೆಣಿಕೆಯಷ್ಟು. ಡಿಎ ವಿರುದ್ಧ ನಿಂತು ಸೋತರೆ ಮಾರನೇ ದಿನ ಅದೇ ಡಿಎ ಮುಂದೆ ಕಕ್ಷಿದಾರನ ಪರ ರಾಜಿ ಮಾತಾಡಬೇಕು. ಯಾರಿಗೆ ಬೇಕು ಆ ಉಸಾಬರಿ? ಡಿಎ ಕಚೇರಿಯೊಳಗಿನ ಕಿರಿಯ ವಕೀಲರು ನಿಂತು ಸೋತರೆ ಕೆಲಸವೇ ಹೋಗಬಹುದು. ಜೊತೆಗೆ ಮತದಾರರಿಗೆ ಅಳೆಯುವುದಕ್ಕೆ ಏನೂ ಸಿಗುವುದಿಲ್ಲ. ಎಷ್ಟು ಕೇಸು ಕೈಬಿಟ್ಟರು, ಎಷ್ಟು ಜನಕ್ಕೆ ಎಂಥ ರಾಜಿ ಕೊಟ್ಟರು ಎಂಬ ಅಂಕಿ ಅಂಶಗಳನ್ನು ಬಹಳಷ್ಟು ಕಚೇರಿಗಳು ಹೊರಗೆ ಬಿಡುವುದೇ ಇಲ್ಲ. ಹಾಗಾಗಿ ಪ್ರಚಾರದಲ್ಲಿ ಉಳಿಯುವುದು ಸುದ್ದಿಯಾದ ಒಂದೆರಡು ಕೊಲೆ ಕೇಸು, "ನಾನು ಕಠಿಣ" ಎಂಬ ಮಾತು ಅಷ್ಟೇ. 2015ರಲ್ಲಿ ಬಂದ ಸಮೀಕ್ಷೆಯೊಂದರ ಪ್ರಕಾರ ಚುನಾಯಿತ ಸರ್ಕಾರಿ ವಕೀಲರಲ್ಲಿ ಶೇ 95 ಬಿಳಿಯರು. ಅವರ ಕೈಯಲ್ಲಿ ಶಿಕ್ಷೆಗೆ ಒಳಗಾಗುವವರಲ್ಲಿ ಕಪ್ಪು ಜನರ ಪಾಲು ಎಷ್ಟು ದೊಡ್ಡದು ಅನ್ನುವುದು ಗೊತ್ತಿರುವ ಸಂಗತಿ.

ಜೈಲು ತುಂಬಿದ್ದಕ್ಕೂ ಈ ಕುರ್ಚಿಗೂ ಸಂಬಂಧ ಇದೆ. ಅಮೆರಿಕದ ಜೈಲುಗಳಲ್ಲಿ 2008ರ ಹೊತ್ತಿಗೆ 23 ಲಕ್ಷ ಜನ ಇದ್ದರು. ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಪ್ಯಾಫ್ ತೋರಿಸಿದ್ದು ಇದು: 1990ರ ದಶಕದ ನಡುವಿನಿಂದ ಅಪರಾಧ ಇಳಿಯಿತು, ಬಂಧನಗಳೂ ಇಳಿದವು, ಆದರೆ ಸರ್ಕಾರಿ ವಕೀಲರು ಹಾಕಿದ ಫೆಲನಿ ಕೇಸುಗಳು ಏರುತ್ತಲೇ ಹೋದವು. ಅವರ ಲೆಕ್ಕದ ಬಗ್ಗೆ ಬೇರೆ ವಿದ್ವಾಂಸರ ತಕರಾರು ಇದೆ. ಆದರೂ ಸುಧಾರಣೆ ಬಯಸುವವರ ಕಣ್ಣು ಶಾಸನಸಭೆಯಿಂದ ಡಿಎ ಕಚೇರಿಯ ಕಡೆ ತಿರುಗಿದ್ದಕ್ಕೆ ಈ ವಾದ ದೊಡ್ಡ ಕಾರಣ.

ಜನ ತಿರುಗಿ ನೋಡಿದಾಗ

ಮೊದಲ ಸುಳಿವು ಸಿಕ್ಕಿದ್ದು ಡಲ್ಲಾಸ್‌ನಲ್ಲಿ. 2006ರಲ್ಲಿ ಗೆದ್ದ ಕ್ರೆಗ್ ವಾಟ್ಕಿನ್ಸ್ ಟೆಕ್ಸಸ್‌ನ ಮೊದಲ ಕಪ್ಪು ಡಿಎ. ತಪ್ಪಾಗಿ ಶಿಕ್ಷೆಯಾದವರ ಹಳೆಯ ಕಡತಗಳನ್ನು ಮತ್ತೆ ತೆಗೆದು ನೋಡುವುದಕ್ಕೇ ಒಂದು ವಿಭಾಗ ತೆರೆದರು. 2013ರಲ್ಲಿ ಬ್ರೂಕ್ಲಿನ್‌ನಲ್ಲಿ ಕೆನ್ ಥಾಂಪ್ಸನ್ ದಶಕಗಳಿಂದ ಕೂತಿದ್ದ ಡಿಎಯನ್ನು ಸೋಲಿಸಿ ಅದೇ ಕೆಲಸ ಮುಂದುವರಿಸಿದರು. ಆದರೆ ಇಡೀ ದೇಶ ಈ ಚುನಾವಣೆಗಳ ಕಡೆ ನೋಡಿದ್ದು 2014ರ ನಂತರ. ಆ ವರ್ಷ ಆಗಸ್ಟ್‌ನಲ್ಲಿ ಮಿಸೌರಿ ರಾಜ್ಯದ ಫರ್ಗ್ಯೂಸನ್‌ನಲ್ಲಿ ಕಪ್ಪು ಯುವಕ ಮೈಕಲ್ ಬ್ರೌನ್, ಅಕ್ಟೋಬರ್‌ನಲ್ಲಿ ಷಿಕಾಗೊದಲ್ಲಿ 17 ವರ್ಷದ ಲಕ್ವಾನ್ ಮೆಕ್‌ಡೊನಾಲ್ಡ್ ಪೊಲೀಸರ ಗುಂಡಿಗೆ ಬಲಿಯಾದರು.

ಲಕ್ವಾನ್‌ಗೆ ಬಿದ್ದದ್ದು 16 ಗುಂಡು. ಪೊಲೀಸ್ ಕಾರಿನ ಕ್ಯಾಮೆರಾ ಅದನ್ನೆಲ್ಲ ಸೆರೆಹಿಡಿದಿತ್ತು. ಆ ವಿಡಿಯೊ ಜನರ ಕಣ್ಣಿಗೆ ಬೀಳಲು 13 ತಿಂಗಳು ಬೇಕಾಯಿತು, ಅದೂ ನ್ಯಾಯಾಧೀಶರ ಆದೇಶದ ಮೇಲೆ. ವಿಡಿಯೊ ಹೊರಬಂದ ದಿನವೇ ಡಿಎ ಅನಿತಾ ಅಲ್ವಾರೆಜ್ ಆ ಪೊಲೀಸನ ಮೇಲೆ ಕೊಲೆ ಆರೋಪ ಹಾಕಿದರು. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂತ ಷಿಕಾಗೊದ ಯುವಕರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಾಲ್ಕು ತಿಂಗಳ ನಂತರದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆಯಲ್ಲಿ, ಅಲ್ವಾರೆಜ್ ಸೋತರು, ಕಿಮ್ ಫಾಕ್ಸ್ ಗೆದ್ದರು. ಅದೇ ದಿನ ಕ್ಲೀವ್‌ಲ್ಯಾಂಡ್‌ನಲ್ಲಿ, 12 ವರ್ಷದ ತಮೀರ್ ರೈಸ್ ಸಾವಿನ ಪ್ರಕರಣದಲ್ಲಿ ಪೊಲೀಸರ ಮೇಲೆ ಆರೋಪ ಹೊರಿಸಬೇಡಿ ಎಂದು ಗ್ರ್ಯಾಂಡ್ ಜ್ಯೂರಿಗೆ (ಮೊಕದ್ದಮೆ ಹೂಡಬೇಕೋ ಬೇಡವೋ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿಗೆ) ಸಲಹೆ ಕೊಟ್ಟಿದ್ದ ಡಿಎ ಕೂಡ ಸೋತರು. ಫರ್ಗ್ಯೂಸನ್ ಇರುವ ಸೇಂಟ್ ಲೂಯಿ ಕೌಂಟಿಯಲ್ಲಿ 1991ರಿಂದ ಅಲುಗಾಡದೆ ಕೂತಿದ್ದ ಬಾಬ್ ಮೆಕಲೊಕ್ 2018ರಲ್ಲಿ ವೆಸ್ಲಿ ಬೆಲ್ ಎದುರು ಸೋತರು. ಒಂದು ವಿಷಯ ಇಲ್ಲಿ ಮರೆಯಬಾರದು. ಬೆಲ್ ಗೆದ್ದ ಮೇಲೆ ಬ್ರೌನ್ ಪ್ರಕರಣವನ್ನು ಮತ್ತೆ ತೆರೆದು ನೋಡಿದರು. ಆರೋಪ ಸಾಬೀತು ಮಾಡುವಷ್ಟು ಸಾಕ್ಷ್ಯ ಇಲ್ಲ ಅಂತ 2020ರಲ್ಲಿ ಹೇಳಿದರು. ಜನರ ಸಿಟ್ಟಿನ ಮೇಲೆ ಗೆದ್ದು ಬಂದರೂ ಸಾಕ್ಷ್ಯ ಹೇಳಿದಂತೆ ನಡೆದರು. ಚುನಾಯಿತ ಸರ್ಕಾರಿ ವಕೀಲರಿಂದ ನಾವು ಕೇಳಬೇಕಾದದ್ದು ಇದನ್ನೇ ಅಂತ ನನ್ನ ನಂಬಿಕೆ.

ಈ ಅಲೆಯಲ್ಲಿ ಎಲ್ಲರಿಗಿಂತ ದೂರ ಹೋದವರು ಫಿಲಡೆಲ್ಫಿಯಾದ ಲ್ಯಾರಿ ಕ್ರಾಸ್ನರ್. ಅವರು ಮೊದಲು ಆರೋಪಿಗಳ ಪರ ವಾದಿಸುತ್ತಿದ್ದವರು. ಪೊಲೀಸರ ಮೇಲೆ ಹತ್ತಾರು ಸಲ ದಾವೆ ಹಾಕಿದವರು. 2017ರಲ್ಲಿ ಹಿಂದಿನ ಡಿಎ ಸೆತ್ ವಿಲಿಯಮ್ಸ್ ಲಂಚದ ಕೇಸಿನಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಆ ವರ್ಷದ ಪ್ರೈಮರಿಯಲ್ಲಿ ಏಳು ಜನರ ನಡುವೆ ಕ್ರಾಸ್ನರ್ ಶೇ 38ರಷ್ಟು ಮತ ಪಡೆದು ಗೆದ್ದರು. ನೋಂದಾಯಿತ ಮತದಾರರಲ್ಲಿ ಐವರಲ್ಲಿ ಒಬ್ಬರೂ ಮತಗಟ್ಟೆಗೆ ಹೋಗಿರಲಿಲ್ಲ. ಶ್ರೀಮಂತ ಹೂಡಿಕೆದಾರ ಜಾರ್ಜ್ ಸೊರೊಸ್ ಕೊಟ್ಟ 15 ಲಕ್ಷ ಡಾಲರ್‌ಗೂ ಜಾಸ್ತಿ ಹಣ ಅವರ ಪರ ಪ್ರಚಾರಕ್ಕೆ ಖರ್ಚಾಗಿತ್ತು. ಇಷ್ಟು ಕಡಿಮೆ ಜನ ಮತ ಹಾಕುವ ಚುನಾವಣೆಗೆ ಅಷ್ಟೊಂದು ಹಣ ಒಬ್ಬರಿಂದ ಬರುವುದು ಒಳ್ಳೆಯದಲ್ಲ, ಯಾರ ಪರವಾಗಿ ಬಂದರೂ. ಮುಂದೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸುಧಾರಣೆಯ ವಿರುದ್ಧದ ಪ್ರಚಾರಕ್ಕೂ ಇಂಥದೇ ಹೂಡಿಕೆದಾರರ ಹಣ ಹರಿಯಿತು.

ಕ್ರಾಸ್ನರ್ ಮೊದಲ ವಾರದಲ್ಲೇ 31 ಜನ ಸಹಾಯಕ ವಕೀಲರನ್ನು ಮನೆಗೆ ಕಳಿಸಿದರು. 2018ರ ಫೆಬ್ರುವರಿಯಲ್ಲಿ ಕಚೇರಿಗೆ ಒಂದು ಸೂಚನಾಪತ್ರ ಕೊಟ್ಟರು. ಗಾಂಜಾ ಇಟ್ಟುಕೊಂಡಿದ್ದಕ್ಕೆ ಕೇಸು ಬೇಡ. ಸಣ್ಣಪುಟ್ಟ ಅಪರಾಧಗಳಿಗೆ ನಗದು ಜಾಮೀನು ಕೇಳಬೇಡಿ ಅಂತಲೂ ಅದೇ ತಿಂಗಳು ಹೇಳಿದರು. ಸೂಚನಾಪತ್ರದಲ್ಲಿ ಇನ್ನೊಂದು ಸಾಲು ಇತ್ತು, ನನಗೆ ಅದೇ ಮುಖ್ಯ ಅನ್ನಿಸಿದ್ದು. ಶಿಕ್ಷೆ ಕೇಳುವಾಗ ಅದಕ್ಕೆ ತಗಲುವ ಖರ್ಚನ್ನೂ ನ್ಯಾಯಾಧೀಶರ ಮುಂದೆ ಹೇಳಬೇಕು. ಒಬ್ಬರನ್ನು ಒಂದು ವರ್ಷ ಒಳಗಿಡಲು 42,000ದಿಂದ 60,000 ಡಾಲರ್. ಹೊಸದಾಗಿ ಸೇರುವ ಒಬ್ಬ ಶಿಕ್ಷಕರ, ಒಬ್ಬ ಪೊಲೀಸರ ಅಥವಾ ಒಬ್ಬ ಅಗ್ನಿಶಾಮಕ ಸಿಬ್ಬಂದಿಯ ವರ್ಷದ ಸಂಬಳ ಸುಮಾರು ಅಷ್ಟೇ ಅಂತ ಪತ್ರದಲ್ಲೇ ಬರೆದಿತ್ತು. ಮೂರು ವರ್ಷ ಸಾಕಾಗುವ ಕಡೆ ಐದು ವರ್ಷ ಕೇಳಿದರೆ ಆ ಎರಡು ವರ್ಷದ ಬೆಲೆಯನ್ನು ಯಾರೋ ತೆರುತ್ತಾರೆ, ಅದನ್ನು ಬಾಯಿಬಿಟ್ಟು ಹೇಳಿ ಅಂತ ಇದರ ಅರ್ಥ.

ಫಲ ಕೊಟ್ಟಿತೇ?

ಎರಡು ಅಧ್ಯಯನ ಇಲ್ಲಿ ಮುಖ್ಯ. ಫಿಲಡೆಲ್ಫಿಯಾದ ಜಾಮೀನು ಬದಲಾವಣೆಯನ್ನು ಒರೆಲಿ ಔಸ್ ಮತ್ತು ಮೆಗನ್ ಸ್ಟೀವನ್ಸನ್ ಪರಿಶೀಲಿಸಿದರು. ಹಣ ಕಟ್ಟದೆ ಬಿಡುಗಡೆಯಾದವರು ಗಣನೀಯವಾಗಿ ಹೆಚ್ಚಾದರು. ಆದರೂ ಕೋರ್ಟಿಗೆ ತಪ್ಪಿಸಿಕೊಳ್ಳುವುದಾಗಲಿ ಹೊಸ ಅಪರಾಧವಾಗಲಿ ಜಾಸ್ತಿಯಾಗಲಿಲ್ಲ. ಎರಡನೆಯದು ಬಾಸ್ಟನ್ ಇರುವ ಸಫೋಕ್ ಕೌಂಟಿಯದು. ಅಮಾಂಡಾ ಏಗನ್, ಜೆನಿಫರ್ ಡೊಲಿಯಾಕ್, ಆನಾ ಹಾರ್ವಿ ಅಲ್ಲಿನ ಹಲವು ವರ್ಷಗಳ ದಾಖಲೆ ನೋಡಿದರು. ಹಿಂಸೆಯಿಲ್ಲದ ಸಣ್ಣ ಅಪರಾಧಗಳಲ್ಲಿ, ಕೇಸು ಹಾಕಲೂಬಹುದು ಬಿಡಲೂಬಹುದು ಅನ್ನುವಂಥವರ ಮೇಲೆ ಹಾಕದೆ ಬಿಟ್ಟಾಗ, ಮುಂದಿನ ಎರಡು ವರ್ಷದಲ್ಲಿ ಅವರು ಮತ್ತೆ ಸಿಕ್ಕಿಬೀಳುವ ಸಾಧ್ಯತೆ ಶೇ 53ರಷ್ಟು ಕಡಿಮೆಯಾಯಿತು. ಮೊದಲ ಸಲ ಸಿಕ್ಕಿಬಿದ್ದವರಲ್ಲಿ ಈ ಪರಿಣಾಮ ಇನ್ನೂ ಸ್ಪಷ್ಟವಾಗಿತ್ತು. ಕೇಸಿನ ಕಲೆಯೇ ಮನುಷ್ಯನನ್ನು ಕೆಲಸದಿಂದ, ಮನೆಯಿಂದ ದೂರ ಮಾಡಿ ಮತ್ತೆ ಅದೇ ದಾರಿಗೆ ತಳ್ಳುತ್ತದೆ ಅನ್ನುವುದು ಊಹೆಗೆ ನಿಲುಕದ ಮಾತೇನಲ್ಲ.

ಆದರೆ 2020 ಬಂತು. ಕೋವಿಡ್, ಜಾರ್ಜ್ ಫ್ಲಾಯ್ಡ್ ಹತ್ಯೆ, ಬಂದೂಕು ಮಾರಾಟದ ಭರಾಟೆ. ಒಂದೇ ವರ್ಷದಲ್ಲಿ ದೇಶದಾದ್ಯಂತ ಕೊಲೆಗಳು ಶೇ 30ರ ಹತ್ತಿರ ಏರಿದವು. ಫಿಲಡೆಲ್ಫಿಯಾದಲ್ಲಿ 2021ರಲ್ಲಿ 562 ಕೊಲೆ, ಆ ನಗರದ ಇತಿಹಾಸದಲ್ಲೇ ಅತಿ ಹೆಚ್ಚು. ಎಲ್ಲರ ಬೆರಳೂ ಕ್ರಾಸ್ನರ್ ಕಡೆ. ಅದೇ ಹೊತ್ತಿನಲ್ಲಿ ಹಳೆಯ ಶೈಲಿಯ ಕಠಿಣ ಡಿಎಗಳಿದ್ದ ಊರುಗಳಲ್ಲೂ, ಹಳ್ಳಿಗಾಡಿನಲ್ಲೂ ಕೊಲೆ ಏರಿತ್ತು. ಆಮೇಲೆ ಫಿಲಡೆಲ್ಫಿಯಾದಲ್ಲಿ ಡಿಎ ಬದಲಾಗಲಿಲ್ಲ, ಆದರೆ ಸಂಖ್ಯೆ ಇಳಿಯಿತು: 2023ರಲ್ಲಿ 410, 2024ರಲ್ಲಿ 269. ಏರಿದ್ದು ಅವರಿಂದ ಅನ್ನುವವರು ಇಳಿದದ್ದೂ ಅವರಿಂದ ಅನ್ನಬೇಕಾಗುತ್ತದೆ. ಎರಡೂ ಸರಿಯಲ್ಲ. ಕೊಲೆಯ ಸಂಖ್ಯೆಯನ್ನು ಒಂದೆರಡು ವರ್ಷದಲ್ಲಿ ಮೇಲೆ ಕೆಳಗೆ ಮಾಡುವ ಶಕ್ತಿ ಯಾವ ಡಿಎಗೂ ಇಲ್ಲ. ಅವರು ಬದಲಿಸಬಲ್ಲದ್ದು ಹಿಡಿದು ತಂದವರ ಪಾಡನ್ನು.

ಹಾಗಂತ ಸುಧಾರಕರು ತಪ್ಪೇ ಮಾಡಲಿಲ್ಲ ಅಂತಲ್ಲ. ಲಾಸ್ ಏಂಜಲೀಸ್ ಕೌಂಟಿ ಒಂದು ಕೋಟಿಯಷ್ಟು ಜನರ, ದೇಶದ ಅತಿ ದೊಡ್ಡ ಸ್ಥಳೀಯ ಡಿಎ ಕಚೇರಿ. 2020ರ ಡಿಸೆಂಬರ್‌ನಲ್ಲಿ ಜಾರ್ಜ್ ಗ್ಯಾಸ್ಕೋನ್ ಅಧಿಕಾರ ವಹಿಸಿಕೊಂಡ ದಿನವೇ ಆದೇಶಗಳ ಸರಮಾಲೆ ಹೊರಡಿಸಿದರು. ಶಿಕ್ಷೆ ಹೆಚ್ಚಿಸುವ ಹೆಚ್ಚುವರಿ ಆರೋಪಗಳು ಬೇಡ, ಪೆರೋಲ್ (ಅಲ್ಲಿ ಅವಧಿಗೆ ಮೊದಲೇ ಬಿಡುಗಡೆ) ವಿಚಾರಣೆಗೆ ನಮ್ಮ ವಕೀಲರು ಹೋಗುವುದು ಬೇಡ. ಕೊಲೆಯಾದವರ ಮನೆಯವರು ಪೆರೋಲ್ ಮಂಡಳಿಯ ಮುಂದೆ ಪಕ್ಕದಲ್ಲಿ ಸರ್ಕಾರಿ ವಕೀಲರಿಲ್ಲದೆ ಕೂರಬೇಕಾಯಿತು. ಇದು ನೋವು ಕೊಡುವ ನಿರ್ಧಾರ. ಅಗತ್ಯವೂ ಇರಲಿಲ್ಲ. ಅವರ ಕಚೇರಿಯ ವಕೀಲರ ಸಂಘವೇ ಕೋರ್ಟಿಗೆ ಹೋಯಿತು. ಮೂರನೇ ಸಲದ ಅಪರಾಧಕ್ಕೆ ಶಿಕ್ಷೆ ಏರಿಸುವ ಕಾನೂನನ್ನು ಬಳಸಲೇಬೇಡಿ ಅನ್ನುವ ಅಧಿಕಾರ ಡಿಎಗೆ ಇಲ್ಲ ಅಂತ ಮೇಲ್ಮನವಿ ನ್ಯಾಯಾಲಯ 2022ರಲ್ಲಿ ಹೇಳಿತು. 2024ರ ನವೆಂಬರ್‌ನಲ್ಲಿ ನೇಥನ್ ಹಾಕ್ಮನ್ ಎದುರು ಗ್ಯಾಸ್ಕೋನ್ ದೊಡ್ಡ ಅಂತರದಿಂದ ಸೋತರು. ಅದಕ್ಕೂ ಮೊದಲು, 2022ರ ಜೂನ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಮತದಾರರು ಸುಧಾರಕ ಡಿಎ ಚೇಸಾ ಬೌಡಿನ್ ಅವರನ್ನು ಅವಧಿ ಮುಗಿಯುವ ಮೊದಲೇ ವಾಪಸ್ ಕರೆಸಿಕೊಂಡಿದ್ದರು.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಇನ್ನೊಂದು ವಾಪಸಾತಿ ನಮ್ಮವರಿಗೂ ಹತ್ತಿರದ್ದು. ಅಲಮೀಡಾ ಕೌಂಟಿಯಲ್ಲಿ ಓಕ್ಲೆಂಡ್ ಇದೆ, ಫ್ರೀಮಾಂಟ್ ಕೂಡ ಇದೆ. ಫ್ರೀಮಾಂಟ್‌ನಲ್ಲಿ ಭಾರತೀಯರು, ಅವರಲ್ಲಿ ಕನ್ನಡಿಗರೂ, ದೊಡ್ಡ ಸಂಖ್ಯೆಯಲ್ಲಿದ್ದಾರೆ. 2021ರಲ್ಲಿ ಓಕ್ಲೆಂಡ್‌ನ ಹೆದ್ದಾರಿಯಲ್ಲಿ ಹೋಗುತ್ತಿದ್ದ ಕಾರಿಗೆ ಎಲ್ಲಿಂದಲೋ ಬಂದ ಗುಂಡು ತಗುಲಿ ಎರಡು ವರ್ಷವೂ ತುಂಬದ, ಏಷ್ಯನ್ ಮೂಲದ ಮಗು ತೀರಿಕೊಂಡಿತು. 2022ರಲ್ಲಿ ಗೆದ್ದ ಡಿಎ ಪಮೇಲಾ ಪ್ರೈಸ್ ಈ ಪ್ರಕರಣದಲ್ಲಿ ಸಾಕಷ್ಟು ಕಠಿಣ ಶಿಕ್ಷೆ ಕೇಳುತ್ತಾರೋ ಇಲ್ಲವೋ ಎಂದು ಏಷ್ಯನ್ ಮೂಲದ ಕುಟುಂಬಗಳಲ್ಲಿ ಎದ್ದ ಸಂಶಯ ಕೊನೆಗೂ ಇಳಿಯಲಿಲ್ಲ. 2024ರ ನವೆಂಬರ್‌ನಲ್ಲಿ ಶೇ 60ಕ್ಕೂ ಹೆಚ್ಚು ಮತಗಳಿಂದ ಅವರನ್ನು ಕೆಳಗಿಳಿಸಿದರು. ಆ ಮತದಾರರನ್ನು ದಾರಿ ತಪ್ಪಿದವರು ಅಂತ ತಳ್ಳಿಹಾಕುವುದು ತಪ್ಪು. ಅಂಗಡಿ ಮುಚ್ಚಿದ್ದು, ಕಾರಿನ ಗಾಜು ಒಡೆದದ್ದು, ದೂರು ಕೊಟ್ಟರೆ ಯಾರೂ ಬರದಿದ್ದದ್ದು ಅವರ ದಿನದ ಅನುಭವ. ಪೊಲೀಸರು ಹಿಡಿಯದ ಕಳ್ಳನ ಮೇಲೆ ಡಿಎ ಕೇಸು ಹಾಕಲು ಆಗುವುದಿಲ್ಲ ಅನ್ನುವುದು ನಿಜ. ಆದರೆ ನೊಂದವರ ಹತ್ತಿರ ಹೋಗಿ ಆ ಮಾತನ್ನು ಸಮಾಧಾನದಿಂದ ಹೇಳಬೇಕಾದದ್ದೂ ಡಿಎಯೇ.

ಮತದಾರರೇ ಇಳಿಸಿದರೆ ಅದು ಅವರ ಹಕ್ಕು. ನನಗೆ ಹೆಚ್ಚು ಕಳವಳ ತರುವುದು ರಾಜ್ಯ ಸರ್ಕಾರಗಳು ನಡುವೆ ಕೈಹಾಕುವುದು. ಫ್ಲಾರಿಡಾದಲ್ಲಿ ರಾಜ್ಯಪಾಲ ರಾನ್ ಡಿಸ್ಯಾಂಟಿಸ್ 2022ರಲ್ಲಿ ಟ್ಯಾಂಪಾದ ಆಂಡ್ರ್ಯೂ ವಾರನ್ ಅವರನ್ನು, 2023ರಲ್ಲಿ ಒರ್ಲಾಂಡೊದ ಮೊನಿಕ್ ವೊರೆಲ್ ಅವರನ್ನು ಅಮಾನತು ಮಾಡಿದರು. ಇಬ್ಬರನ್ನೂ ಜನ ಆರಿಸಿದ್ದರು. ವಾರನ್ ಅಮಾನತು ಸಂವಿಧಾನಕ್ಕೆ ವಿರುದ್ಧ ಎಂದು ಫೆಡರಲ್ ನ್ಯಾಯಾಧೀಶರೊಬ್ಬರು ಹೇಳಿದರು, ಆದರೆ ಮತ್ತೆ ಕುರ್ಚಿಯಲ್ಲಿ ಕೂರಿಸುವ ಅಧಿಕಾರ ತಮಗಿಲ್ಲ ಅಂದರು. ವೊರೆಲ್ 2024ರಲ್ಲಿ ಮತ್ತೆ ನಿಂತು ಗೆದ್ದರು. ವಾರನ್ ನಿಂತು ಸೋತರು. ಪೆನ್ಸಿಲ್ವೇನಿಯಾದ ಕೆಳಮನೆ 2022ರಲ್ಲಿ ಕ್ರಾಸ್ನರ್ ವಿರುದ್ಧ ಮಹಾಭಿಯೋಗ ಅಂಗೀಕರಿಸಿತು, ಅದು ಕೋರ್ಟಿನಲ್ಲಿ ನಿಲ್ಲಲಿಲ್ಲ. ಕ್ರಾಸ್ನರ್ 2025ರಲ್ಲಿ ಮೂರನೇ ಸಲ ಗೆದ್ದರು. ಜಾರ್ಜಿಯಾ 2023ರಲ್ಲಿ ಡಿಎಗಳನ್ನು ಶಿಸ್ತಿಗೊಳಪಡಿಸುವ, ತೆಗೆದೇ ಹಾಕಬಲ್ಲ ಆಯೋಗ ಮಾಡಿತು. ಟೆಕ್ಸಸ್ ಕೂಡ ಅದೇ ವರ್ಷ, ಯಾವುದೇ ಬಗೆಯ ಅಪರಾಧಕ್ಕೆ ಕೇಸೇ ಹಾಕುವುದಿಲ್ಲ ಅನ್ನುವ ಡಿಎಯನ್ನು ತೆಗೆಯಲು ದಾರಿ ಮಾಡಿಕೊಂಡಿತು. ಕಠಿಣ ಡಿಎಗಳು ದಶಕಗಳ ಕಾಲ ತಮ್ಮ ಇಷ್ಟದಂತೆ ಈ ವಿವೇಚನೆ ಬಳಸಿದಾಗ ಯಾವ ಶಾಸನಸಭೆಯೂ ಹೀಗೆ ಎದ್ದು ನಿಂತಿರಲಿಲ್ಲ. ನಮ್ಮಲ್ಲಿ ಚುನಾವಣೆ ಇಲ್ಲ, ಆದರೆ ಹಾವಳಿ ಇದೆ: 1990ರಲ್ಲಿ ಉತ್ತರ ಪ್ರದೇಶ ಸರ್ಕಾರ ಜಿಲ್ಲೆಗಳ ಸರ್ಕಾರಿ ವಕೀಲರನ್ನೆಲ್ಲ ಒಂದೇ ಸುತ್ತೋಲೆಯಲ್ಲಿ ಕಿತ್ತುಹಾಕಿತ್ತು, ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಹಾಗಾದರೆ ಉಳಿಯುವುದು ಯಾವುದು? ಸೂಚನಾಪತ್ರದಿಂದ ಬಂದದ್ದು ಸೂಚನಾಪತ್ರದಿಂದ ಹೋಗುತ್ತದೆ, ಕುಕ್ ಕೌಂಟಿಯ ಕಳವಿನ ಗಡಿಯಂತೆ. ಕಾನೂನಾದದ್ದು ನಿಲ್ಲುತ್ತದೆ. ಇಲಿನಾಯ್ ಶಾಸನಸಭೆ ನಗದು ಜಾಮೀನನ್ನೇ ತೆಗೆದುಹಾಕಿತು. 2023ರ ಸೆಪ್ಟೆಂಬರ್ 18ರಿಂದ ಅದು ಜಾರಿಯಲ್ಲಿದೆ. ದೇಶದಲ್ಲಿ ಹೀಗೆ ಪೂರ್ತಿ ತೆಗೆದ ಮೊದಲ ರಾಜ್ಯ ಅದು. ಫಾಕ್ಸ್ ಅದರ ಪರ ನಿಂತಿದ್ದರು. ಅವರು ಹೋದರೂ ಅದು ಹೋಗಲಿಲ್ಲ. ಹೊಸ ಡಿಎ ಯಾರನ್ನು ಒಳಗಿಡಬೇಕು ಅಂತ ಜಾಸ್ತಿ ಅರ್ಜಿ ಹಾಕಬಹುದು, ಆದರೆ 3,000 ಡಾಲರ್ ಇಲ್ಲ ಅನ್ನುವ ಕಾರಣಕ್ಕೆ ಯಾರೂ ಅಲ್ಲಿ ಒಳಗೆ ಕೂರುವಂತಿಲ್ಲ. ಇನ್ನೊಂದು, ರದ್ದಾದ ತಪ್ಪು ಶಿಕ್ಷೆಗಳು. ಷಿಕಾಗೊದಲ್ಲಿ ಪೊಲೀಸ್ ಸಾರ್ಜೆಂಟ್ ಒಬ್ಬ ಹಣ ಕೊಡದವರ ಮೇಲೆ ಡ್ರಗ್ಸ್ ಕೇಸು ಹೊರಿಸುತ್ತಿದ್ದ. ಅವನ ತಂಡ ಹಾಕಿದ ಕೇಸುಗಳಲ್ಲಿ 200ಕ್ಕೂ ಹೆಚ್ಚು ಶಿಕ್ಷೆಗಳು ರದ್ದಾದವು. ಅವುಗಳನ್ನು ಮುಂದಿನ ಯಾವ ಚುನಾವಣೆಯೂ ಮತ್ತೆ ಜಾರಿ ಮಾಡಲಾರದು.

ಕ್ಯಾಲಿಫೋರ್ನಿಯಾ 2022ರಲ್ಲಿ ಒಂದು ಒಳ್ಳೆಯ ಬದಲಾವಣೆ ಮಾಡಿತು. ಕೌಂಟಿಗಳ ಡಿಎ ಚುನಾವಣೆಯನ್ನು ಅಧ್ಯಕ್ಷೀಯ ಚುನಾವಣೆಯ ವರ್ಷಕ್ಕೆ, ಅಂದರೆ 2028ಕ್ಕೆ ತಂದಿತು. ಜನ ಹೇಗೂ ಮತಗಟ್ಟೆಗೆ ಬರುವ ವರ್ಷ ಅದು. ಅಲ್ಲಿ ಮತದ ಹಕ್ಕಿರುವ ನಮ್ಮ ಬಂಧುಗಳಿಗೆ, ಗೆಳೆಯರಿಗೆ ನಾನು ಹೇಳುವುದು ಇಷ್ಟು. ಅಭ್ಯರ್ಥಿಗಳು ಮನೆ ಬಾಗಿಲಿಗೆ ಬಂದಾಗ ಕಠಿಣವೋ ಮೃದುವೋ ಅಂತ ಕೇಳಬೇಡಿ. ಕಳವಿಗೆ ಯಾವ ಮೊತ್ತದಿಂದ ಫೆಲನಿ ಹಾಕುತ್ತೀರಿ ಅಂತ ಕೇಳಿ. ರಾಜಿಯಲ್ಲಿ ಮುಗಿದ ಕೇಸುಗಳ ಲೆಕ್ಕವನ್ನು ಪ್ರತಿವರ್ಷ ಪ್ರಕಟಿಸುತ್ತೀರಾ, ಹಳೆಯ ಶಿಕ್ಷೆಗಳನ್ನು ಮತ್ತೆ ನೋಡಲು ಎಷ್ಟು ಜನರನ್ನು ಇಡುತ್ತೀರಿ, ಪೊಲೀಸರ ಗುಂಡಿಗೆ ಯಾರಾದರೂ ಸತ್ತರೆ ವಿಡಿಯೊ ಎಷ್ಟು ದಿನದಲ್ಲಿ ಹೊರಗೆ ಬಿಡುತ್ತೀರಿ, ಗ್ರೀನ್ ಕಾರ್ಡ್ ಇರುವವರಿಗೆ ರಾಜಿ ಕೊಡುವಾಗ ಗಡಿಪಾರಿನ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ಮತಪತ್ರದಲ್ಲಿ ಒಂದೇ ಹೆಸರಿದ್ದರೂ ಈ ಪ್ರಶ್ನೆಗಳನ್ನು ಕೇಳಬಹುದು.